ಮೂರಾಗಿ ಒಡೆದ ಸ್ವರ

ಮಂಗಳವಾರ ಮಧ್ಯಾಹ್ನ, ಲೂವೆನ್ನಿನಲ್ಲಿ,
ಗೊಡೆಲೀವ ಗಂಟೆಗೋಪುರ ಹತ್ತುತ್ತಾಳೆ.
ಎಪ್ಪತ್ತೆಂಟರ ಮಂಡಿ. ಮೆಟ್ಟಿಲು ಎಣಿಸುವುದನ್ನು ಬಿಟ್ಟಿದ್ದಾಳೆ,
ಎಣಿಸಿದರೆ ಹೆಚ್ಚಾಗುತ್ತವಂತೆ.
ಹಿಂದೆ ನಾನು, ಅವಳ ಚೀಲ ಹೊತ್ತು:
ಫ್ಲಾಸ್ಕು, ಉಣ್ಣೆಯ ಗವಸು,
ಕಿರುಬೆರಳಿಗೆ ಸುತ್ತುವ ಚರ್ಮದ ಪಟ್ಟಿ.

ನನ್ನ ಕೆಲಸ ಅವಳಿಗೆ ತಮಾಷೆ.
"ಸಾಯಲಿರುವ ನಕ್ಷತ್ರಗಳ ನಾಡಿ ಹಿಡಿಯುವವಳು" ಎಂದು
ಬೇಕರಿಯ ವಾನ್ನೆಸನಿಗೆ ಪರಿಚಯಿಸುತ್ತಾಳೆ.
ಅವನು ಒಂದು ಬನ್ನು ಹೆಚ್ಚು ಹಾಕುತ್ತಾನೆ, ಮರುಕಕ್ಕೋ ಏನೋ.

ಮೇಲೆ ಗಾಳಿ. ಕಂಚಿನ ವಾಸನೆ, ಪಾರಿವಾಳದ ವಾಸನೆ.
ಮುಷ್ಟಿಯಿಂದ ಮರದ ಹಿಡಿಯೊಂದನ್ನು ಗುದ್ದುತ್ತಾಳೆ.
ಎಡಗಡೆಯ ಹಳೆಯ ಗಂಟೆ
ವಾಂ... ವಾಂ... ವಾಂ ಎಂದು ತೇಲಾಡುತ್ತದೆ.
"ಕೇಳು, ಇದು ಒಂದಲ್ಲ, ಎರಡು ಸ್ವರ.
ಕೂದಲೆಳೆಯಷ್ಟು ಅಂತರ. ಎರಕ ಹೊಯ್ದವನ ಕೈ
ಒಂದು ಬದಿಗೆ ನಡುಗಿರಬೇಕು.
ಮೈಯ ಸೊಟ್ಟ ದನಿಯಲ್ಲಿ ಕೇಳುತ್ತದೆ, ಮುಚ್ಚಿಡಲಾಗದು."

ನನ್ನದೂ ಅಷ್ಟೇ, ಗೊಡೆಲೀವ.
ರಾಜಹಂಸದ ರೆಕ್ಕೆಯ ಬಳಿ ಒಂದು ಕೆಂಪು ಮುದುಕಿ,
ಹೆಸರಿಲ್ಲ, ಬರೀ ಸಂಖ್ಯೆ.
ಅವಳ ನಾಲ್ಕು ವರ್ಷದ ಬೆಳಕು ನನ್ನ ಬಳಿ ಇದೆ,
ಹೆಚ್ಚಿ, ತಗ್ಗಿ, ಹೆಚ್ಚಿ, ಹತ್ತು ಸಾವಿರದಲ್ಲಿ ಒಂದು ಪಾಲು.
ಮೈಯಲ್ಲಿ ಎದ್ದ ದನಿ ಒಡಲಿಗೆ ಇಳಿದು
ಅಲ್ಲಿ ಬೇರೆಯೇ ಅಲೆಯಾಗಿ
ತಿರುಳನ್ನು ಹಾದು, ಮತ್ತೆ ದನಿಯಾಗಿ ಮೇಲೇಳುತ್ತದೆ.
ಬರುವಾಗ ಮೂರಾಗಿ ಒಡೆದಿರುತ್ತದೆ:
ಸುತ್ತಿನ ಜೊತೆ ಓಡಿದ್ದು,
ಎದುರು ಈಜಿದ್ದು,
ಯಾವ ಕಡೆಗೂ ಸೇರದೆ ನಡುವೆ ನಿಂತದ್ದು.
ಅವುಗಳ ನಡುವಿನ ಬಿರುಕೇ ನನಗೆ ಸಿಕ್ಕ ಕಿಂಡಿ.

"ಇಣುಕಿದರೆ?"
ತಿರುಳಿಗೆ ಹದಿನೆಂಟು ದಿನಕ್ಕೊಂದು ಸುತ್ತು.
"ಅದು ಹೆಚ್ಚೋ, ಕಡಿಮೆಯೋ?"
ಮೈಗಿಂತ ಬಹಳ ಹೆಚ್ಚು. ಲೆಕ್ಕಕ್ಕಿಂತ ತೀರಾ ಕಡಿಮೆ.

ನಡುವಿನ ಜಲಜನಕ ತೀರಿದ ಮೇಲೆ ತಿರುಳು ಕುಗ್ಗುತ್ತದೆ,
ಮೈ ಊದುತ್ತದೆ.
ಕುಗ್ಗಿದ್ದು ಜೋರಾಗಿ ತಿರುಗಬೇಕು, ನೀನೂ ಕಂಡಿದ್ದೀಯ,
ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಕೈ ಮಡಚಿ
ಗಿರ್ರನೆ ಸುತ್ತುವ ಹುಡುಗಿಯರನ್ನು.
ಕಾಗದದ ಮೇಲೆ ಆ ತಿರುಳು
ಬೆಳಗಿನ ತಿಂಡಿಗೂ ಊಟಕ್ಕೂ ನಡುವೆ
ಒಂದು ಸುತ್ತು ಮುಗಿಸಬೇಕಿತ್ತು.

ಮುಗಿಸುವುದಿಲ್ಲ.
ಕುಗ್ಗುತ್ತಲೇ ಇದೆ, ತಿಗರಿ ಮಾತ್ರ ಬಿರುಸಾಗುತ್ತಿಲ್ಲ.
ಯಾರೋ ಒಳಗಿನ ಸುತ್ತನ್ನು ಕದ್ದು
ಹೊರಕ್ಕೆ ಸಾಗಿಸುತ್ತಿದ್ದಾರೆ. ಕಾಂತದ ಎಳೆಗಳೋ,
ಕಣ್ಣಿಗೆ ಬೀಳದ ಅಲೆಗಳೋ. ಮೂರು ಗುಂಪು, ಐದು ವಾದ,
ಒಬ್ಬರ ಉತ್ತರ ಇನ್ನೊಬ್ಬರ ನಕ್ಷತ್ರಕ್ಕೆ ಹೊಂದದು.

ಗೊಡೆಲೀವ ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಹೆಣಗುತ್ತಾಳೆ.
ನಾನು ಕೈ ಚಾಚುವುದಿಲ್ಲ. ಚಾಚಿದರೆ ಅವಳಿಗೆ ಸಿಟ್ಟು.

"ಎಲ್ಲರೂ ಹೇಳುತ್ತಾರೆ, ಮೈಗೆ ವಯಸ್ಸಾದರೇನು,
ಒಳಗಿನ ಹುಡುಗಿ ಕುಣಿಯುತ್ತಲೇ ಇರುತ್ತಾಳೆಂದು.
ಸುಳ್ಳು. ಒಳಗೂ ನಿಧಾನ.
ಹೋದ ಚಳಿಗಾಲ ಪಾಠ ಮಾಡುವಾಗ ತಾಳ ತಪ್ಪಿದೆ,
ಟಿಬೋ ತಕ್ಷಣ ಎತ್ತಿಕೊಂಡ, ಏನೂ ಆಗದವನ ಹಾಗೆ.
ಈಗ ಅವನು ನುಡಿಸುವಾಗ ಕೆಳಗೆ ಚೌಕದಲ್ಲಿ ಕೂತು
ನನ್ನದು ಏನಾದರೂ ಅದರಲ್ಲಿದೆಯೇ ಎಂದು ಹುಡುಕುತ್ತೇನೆ.
ಇಲ್ಲ."

ಹೊರಮೈ ಅಷ್ಟು ದೊಡ್ಡದು, ಅಂದೆ,
ತಿರುಳು ಕೊಟ್ಟದ್ದೆಲ್ಲ ಅದಕ್ಕೆ ಸೇರಿದರೂ
ತಿರುಗುವುದರಲ್ಲಿ ಗುರುತು ಸಿಗದು.
ಭೌತಶಾಸ್ತ್ರವಷ್ಟೇ ಹೇಳಿದ್ದೆ.
ಸಮಾಧಾನದ ಹಾಗೆ ಕೇಳಿಸಿತು, ನಾಚಿಕೆಯಾಯಿತು.

ಅವಳು ಚಹಾ ಆರಿಸುತ್ತ ಕೇಳಿದಳು: "ಕೊನೆಗೆ?"
ಮೈ ಕಳಚಿ ಹೋಗುತ್ತದೆ. ಉಳಿಯುವುದು ಬಿಳಿ ಕುಬ್ಜ,
ಭೂಮಿಯಷ್ಟು ಗಾತ್ರ. ಎಷ್ಟೋ ಕುಬ್ಜಗಳಿಗೆ
ಸುಮಾರು ಒಂದು ಹಗಲು, ಒಂದು ರಾತ್ರಿ, ಒಂದು ಸುತ್ತು.

"ಹಾಗಾದರೆ ನಮ್ಮ ಹಾಗೇ," ಎಂದು ಗವಸು ತೊಟ್ಟಳು,
ಮತ್ತೆ ಕಳಚಿದಳು.
ಮೂರು ಗಂಟೆಗೆ ಇನ್ನೆರಡು ನಿಮಿಷ.
ಪಟ್ಟಿ ಸುತ್ತಲು ಈ ಸಲ
ಕಿರುಬೆರಳನ್ನು ನನ್ನತ್ತ ಚಾಚಿದಳು.